ದೊಡ್ಡಕ್ಕೋರಿಗೊಂದು ಅಡವಿ

ನಾಲ್ಕು ಮಂದಿ ಅಕ್ಕೋರು ಒಂದ ಬಾಕಿನ ಮ್ಯಾಲೆ ಕುಂತ್ರ ಏನರ ಒಂದು ಆಗದ ಇರೂದಿಲ್ಲ. ಇದಕ್ಕ ಬ್ಯಾರೆ ಸಾಕ್ಷಿ ಬ್ಯಾಡ, ನಾನ ಅದೇನಿ.

ಹಾವೇರಿಯಿಂದ ರಾಣೆಬೆನ್ನೂರಿಗೆ ದಿನಾ ಮುಂಜಾನೆ ಪ್ಯಾಸೆಂಜರ್ ಗಾಡಿ ಹತ್ತಿ ಸಾಲಿಗೆ ಹೋಗೋ ಮಂದಿ ನಾವು. ನಾನು ಗಣಿತ ಕಲಸಾಕಿ. ಸಿಟ್ಟು ಮೂಗಿನ ತುದಿಗೆ, ಮಾತು ನಾಲಿಗಿ ತುದಿಗೆ, ಎರಡೂ ಒಮ್ಮೆಲೆ ಜಾರ್ತಾವು. ನನ್ನ ಬಾಜೂಕ ದೊಡ್ಡಕ್ಕೋರು ಕುಂದ್ರತಿದ್ರು. ನಮ್ಮ ಸಾಲಿ ಹೆಡ್ಡು ಅವರು, ಭೂಗೋಳ ಕಲಸಾವ್ರು. ಎದುರಿಗೆ ಡ್ರಿಲ್ ಅಕ್ಕೋರು. ಆಕಿಗೆ ಇನ್ನೂ ಮೂವತ್ತು ದಾಟಿರಲಿಲ್ಲ, ಕೊಳ್ಳಾಗ ಯಾವಾಗಲೂ ಒಂದು ಸೀಟಿ ಜೋತಾಡತಿತ್ತು. ಬ್ಯಾಡಗಿಯೊಳಗ ಹತ್ತಾಕಿ ನಮ್ಮ ಆಪಾ, ಉರ್ದು ಸಾಲಿ ಅಕ್ಕೋರು. ಆಕಿ ಹತ್ತಿದ್ದು ಕಣ್ಣು ಮುಚ್ಚಿದ್ರೂ ಗೊತ್ತಾಗ್ತಿತ್ತು. ಸೆರಗಿನ್ಯಾಗ ಮೆಣಸಿನಕಾಯಿ ಘಾಟು ಹೊತಗೊಂಡ ಬರಾಕಿ, ಇಡೀ ಡಬ್ಬಿ ಸೀನತಿತ್ತು.

ನಮ್ಮ ನಾಲ್ವರೊಳಗ ಮೊಬೈಲು ಡ್ರಿಲ್ ಅಕ್ಕೋರ ಹತ್ರ ಅಷ್ಟ ಇದ್ದ ಕಾಲದ ಮಾತು ಇದು. ಆ ವರ್ಷ ಮೇ ತಿಂಗಳ ಕಡೀ ದಿನ ದೊಡ್ಡಕ್ಕೋರು ರಿಟೈರ್ ಆಗಾವ್ರಿದ್ರು.

ಹುಲಿಗೆ ಸೂಟಿ

ಫೆಬ್ರುವರಿ ತಿಂಗಳದಾಗ ಒಂದಿನ ಸಂಜಿ ಗಾಡಿ ಹತ್ತಿದ ದೊಡ್ಡಕ್ಕೋರು ಬಾಯಿ ಬಿಚ್ಚಲಿಲ್ಲ. ದೇವರಗುಡ್ಡ ಸ್ಟೇಷನ್ ದಾಟಿದ್ರೂ ಮಾತಿಲ್ಲ. ನನಗ ತಡಕೊಳ್ಳಾಕ ಆಗಲಿಲ್ಲ.

"ಏನಾತ್ರಿ?"

"ಸುಳ್ಳ ಹೇಳಿದೆ," ಅಂದ್ರು.

"ಯಾರಿಗೆ? ಇನ್ಸ್‌ಪೆಕ್ಟರಿಗೇನ್ರಿ?"

"ಅವರಿಗೆ ಹೇಳಿದ್ರ ಇಷ್ಟ್ಯಾಕ ಸಂಕಟ ಪಡತಿದ್ದೆ? ಆರನೇತ್ತಾ ಹುಡುಗಿಗೆ ಹೇಳೇನಿ."

ಆಗಿದ್ದಿಷ್ಟು. ದೊಡ್ಡಕ್ಕೋರು ನಕಾಶೆ ತೂಗಹಾಕಿ, ಕೈಯಾಗಿನ ಬಡಗಿ ಕೋಲಿನ ತುದಿ ಸಹ್ಯಾದ್ರಿ ಮ್ಯಾಲಿಟ್ಟು, "ಇಲ್ಲಿ ದಟ್ಟ ಅಡವಿ ಐತಿ, ದಿನಗಟ್ಲೆ ನಡದ್ರೂ ಮುಗಿಯೂದಿಲ್ಲ" ಅಂತ ಪಾಠ ಮಾಡಾಕತ್ತಿದ್ರಂತ. ಮೊದಲನೇ ಸಾಲಿನ್ಯಾಗಿನ ಹುಡುಗಿ ಒಬ್ಬಾಕಿ ಎದ್ದು ನಿಂತು, "ಅಕ್ಕೋರ, ನೀವು ನೋಡೀರೇನ್ರಿ?" ಅಂದ್ಲಂತ. ಇಡೀ ನೌಕರಿಯೊಳಗ ಅದ ಪಾಠ, ಅದ ಬಡಗಿ. ಯಾರೂ ಹಂಗ ಕೇಳಿರಲಿಲ್ಲ. ದೊಡ್ಡಕ್ಕೋರ ಬಾಯಿ ತಾನ "ಹೂಂ" ಅಂತಂತ.

"ಅಷ್ಟಕ್ಕ ಆಕಿ ಕುಂದರಲಿಲ್ಲವ್ವ. ಹೆಂಗಿತ್ರಿ ಅಂದ್ಲು. ಆನಿ ಸಾಲು ಹಿಡಿದು ಹೊಂಟಿದ್ವು ಅಂದೆ. ಜಲಪಾತ ಅಂದೆ. ನವಿಲು ನನ್ನ ಕೈಯಾಗಿನ ಕಾಳು ತಿಂದು ಹೋತು ಅಂದೆ."

"ನವಿಲ!" ಅಂದ್ಲು ಆಪಾ.

"ಬಾಯಿ ಒಮ್ಮೆ ಸುರು ಆದ್ರ ನಿಲ್ಲತೈತೇನ? ಇಡೀ ಕ್ಲಾಸು ಬಾಯಿ ತಗದು ಕೇಳಾಕತ್ತಿತ್ತು. ನನಗ ಖುಷಿ ಆತು. ಅದ ಹೊಟ್ಟ್ಯಾಗ ಉರಿ ಹಚ್ಚೈತಿ." ದೊಡ್ಡಕ್ಕೋರು ಕನ್ನಡಕ ತಗದು ಸೆರಗಿಗೆ ವರಸಿದ್ರು. "ಧರ್ಮಸ್ಥಳಕ್ಕ ಹೋಗೇನಿ, ತಿರುಪತಿಗೆ ಹೋಗೇನಿ. ಅಣ್ಣ ಕರಕೊಂಡು ಹೋದಲ್ಲಿ ಹೋದೆ, ಯಜಮಾನ್ರು ಕರಕೊಂಡು ಹೋದಲ್ಲಿ ಹೋದೆ. ನಿನಗ ಎಲ್ಲಿಗೆ ಹೋಗಬೇಕು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಷ್ಟು ವರ್ಷ ಮಕ್ಕಳ ಕೈಲೆ ನಕಾಶೆಗೆ ಹಸರು ಬಣ್ಣ ಹಚ್ಚಿಸೇನಿ, ಒಂದು ಅಡವಿ ನೋಡಿಲ್ಲ. ರಿಟೈರ್ ಆಗೂದ್ರೊಳಗ ಈ ಸುಳ್ಳು ಖರೇ ಆಗಬೇಕು. ಸುಳ್ಳುಗಾರ್ತಿ ಆಗಿ ನಾ ಸಾಲಿ ಬಿಡೂದಿಲ್ಲ."

ಡ್ರಿಲ್ ಅಕ್ಕೋರು ಸೀಟಿ ಊದೇ ಬಿಟ್ಲು. ಕ್ರಾಸಿಂಗಿಗೆ ನಿಂತ ಗಾಡಿಯಿಂದ ಕೆಳಗಿಳದಿದ್ದ ಮಂದಿ ಗಾಡಿ ಹೊಂಟಿತು ಅಂತ ಓಡಿ ಬಂದು ಹತ್ತಿದ್ರು. "ಬ್ಯಾಸಗಿ ಸೂಟ್ಯಾಗ ಹೋಗೂಣು! ನಾಲ್ಕು ದಿನ! ಬೆನ್ನಿಗೆ ಚೀಲ ಏರಿಸಿಕೊಂಡು, ಅಡವ್ಯಾಗ ನಡಕೋತ ಹೋಗೂಣು. ನಾನು ಕ್ಯಾಂಪಿನ್ಯಾಗ ಹೋಗಿ ಬಂದೇನಿ, ನನಗೆಲ್ಲಾ ಗೊತ್ತು. ಎಲ್ಲಿಗೆ ಅಂತ ಆರಿಸಿದ್ರ ಮುಗೀತು."

ಆರಿಸಿದ್ರ ಮುಗೀತಂತ! ಆ ಮಾತು ಎಷ್ಟು ಭಾರ ಅನ್ನೂದು ಅವತ್ತ ನಮಗ ತಿಳೀಲಿಲ್ಲ. ನನಗೊಂದು ಸಂಶೆ ಉಳದಿತ್ತು. "ಎಲ್ಲಾ ಖರೇರಿ, ಆ ಹುಡುಗಿ ಹುಲಿ ಕೇಳಲಿಲ್ಲೇನ?"

"ಕೇಳಿದ್ಲು."

"ಏನಂದ್ರಿ?"

"ನಾ ಹೋದ ದಿನ ಅದಕ್ಕ ಸೂಟಿ ಇತ್ತು ಅಂದೆ."

ಅಲ್ಲಿ ಯಾರದಾರ?

ಮರುದಿನ ಸಂಜಿ ಗಾಡಿಗೆ ದೊಡ್ಡಕ್ಕೋರು ಸಾಲಿ ನಕಾಶೆನ ಸುತ್ತಿ ತಂದ್ರು. ಅರಿವಿ ಮ್ಯಾಲೆ ಅಂಟಿಸಿದ ದೊಡ್ಡ ನಕಾಶೆ. ನಾಲ್ಕೂ ಮಂದಿ ತೊಡಿ ಮ್ಯಾಲೆ ಹಾಸಿದ್ರೂ ಬೀದರ ಜಿಲ್ಲಾ ಕಿಟಕಿಯಿಂದ ಹೊರಗ ಬಿತ್ತು.

ಖರೇ ಹೇಳತೇನಿ, ನಾನು ಅದನ್ನ ಗ್ವಾಡಿ ಮ್ಯಾಲೆ ಸಾವಿರ ಸಲ ನೋಡಿದ್ದೆ. ತೊಡಿ ಮ್ಯಾಲೆ ಹಾಸಿಕೊಂಡು ನೋಡಿದಾಗ ಬ್ಯಾರೆನ ಕಂಡಿತು. ನಮ್ಮ ಹಾವೇರಿ ಒಂದು ಸಾಸಿವಿ ಕಾಳು. ಬ್ಯಾಡಗಿ ಇನ್ನೂ ಸಣ್ಣದು. ಪಡುವಲಕ್ಕ ನಾಲ್ಕು ಬೆರಳು ಸರದ್ರ ಸಾಕು, ಹಸರು ಸುರು. ಮ್ಯಾಲಿನ ತುದಿಯಿಂದ ಕೆಳಗಿನ ತುದಿ ತನಕ ಬರೇ ಹಸರು. ಅಬ್ಬಬ್ಬಾ, ಇಷ್ಟೆಲ್ಲಾ ನಮ್ಮ ಬಾಜೂಕ ಇತ್ತು, ನಾವು ದಿನಾ ಬೆನ್ನು ತಿರುವಿ ಕುಂತು ಚುರುಮುರಿ ತಿನ್ನಾಕತ್ತಿದ್ವಿ.

ನಕಾಶೆ ಹಾಸಿದ್ದ ತಡ, ಡಬ್ಬ್ಯಾಗಿನ ಮಂದಿ ನೊಣ ಮುಕರಿದಂಗ ಮುಕರಿದ್ರು. ನಮ್ಮ ಜಿಲ್ಲಾದಾಗ ಒಂದು ಊರಿಗೆ ಹೊಂಟೇನಿ ಅಂದ್ರ ಅಲ್ಲಿ ಏನೈತಿ ಅಂತ ಯಾರೂ ಕೇಳೂದಿಲ್ಲ. ಅಲ್ಲಿ ಯಾರದಾರ ಅಂತ ಕೇಳತಾರ. ದೊಡ್ಡಕ್ಕೋರು ದಾಂಡೇಲಿ ಮ್ಯಾಲೆ ಬೆರಳಿಟ್ರು. ಎದುರಿಗೆ ರುಮಾಲ ಸುತ್ತಿದ ಹಿರಿಯರೊಬ್ರು ಕುಂತಿದ್ರು.

"ಅಲ್ಲಿ ನಿಮ್ಮವ್ರು ಯಾರದಾರ್ರಿ?"

"ಯಾರೂ ಇಲ್ರಿ ಯಜಮಾನ್ರ."

"ಯಾರೂ ಇಲ್ಲಂದ ಮ್ಯಾಲೆ ಹೋಗೂದ್ಯಾಕ್ರಿ?"

"ಯಾರೂ ಇಲ್ಲ ಅಂತನ ಹೋಗೂದ್ರೀ!" ಅಂದ್ಲು ಡ್ರಿಲ್ ಅಕ್ಕೋರು.

ಹಿರಿಯರು ಆಕೀನ ನೋಡಿದ ನ್ವಾಟ ನಾ ಮರತಿಲ್ಲ. ಪಾಪ, ಹೆಣ್ಮಗಳಿಗೆ ಹಿಂದಿಲ್ಲ ಮುಂದಿಲ್ಲ ಅನ್ನೋ ಹಂಗ ನೋಡಿದ್ರು. "ಚಿಂತಿ ಮಾಡಬ್ಯಾಡವ್ವ. ನಮ್ಮ ತಂಗಿ ಮಗಾ ಅಲ್ಲೇ ಅದಾನ. ಮೂರು ಖೋಲಿ ಮನಿ. ನಾ ಕಳಿಸೇನಿ ಅಂತ ಹೇಳು, ಹೋಳಿಗಿ ಮಾಡಸ್ತಾನ."

ಶಿರಸಿ ಕಡೆ ಬೆರಳು ಸರಿದ್ರ ಬದನಿಕಾಯಿ ಬುಟ್ಟಿ ಹೊತ್ತಾಕಿ ಮಗಳ ಗಂಡನ ಮನಿ. ಇನ್ನಷ್ಟು ಕೆಳಗ ಹೋದ್ರ ಬೀಜದ ವ್ಯಾಪಾರದವರ ಷಡ್ಡಕ. "ಅಡವಿ ನಡುವ ಹೋಗ್ತೀವ್ರಿ, ಮನಿ ಇರೂದಿಲ್ಲ" ಅಂತ ನಾ ಜೋರು ಮಾಡಿದೆ. "ಅಡವಿ ನಡುವನ ಅವರ ಮನಿ ಐತ್ರಿ!" ಅಂತ ಅವರೂ ಜೋರು ಮಾಡಿದ್ರು. ಒಬ್ಬರಿಗೊಬ್ರು ಹೆಸರು ಬರಸಾಕ ಚೀಟಿ ಹರಿದ್ರು, ಪೆನ್ನು ಕಸಗೊಂಡ್ರು.

ಹಾವೇರಿ ಬರೂದ್ರೊಳಗ ನಮ್ಮ ಕೈಯಾಗ ಹನ್ನೊಂದು ಮನಿ ಊಟದ ಕರೆ ಇದ್ವು. ಅಡವಿ ಒಂದೂ ಇರಲಿಲ್ಲ.

ಹನುಮಪ್ಪನ ತೀರ್ಪು

ಮನ್ಯಾಗ ನಮ್ಮತ್ತಿದು ಬ್ಯಾರೆ ತಕರಾರು. "ಅಲ್ಲಿ ಯಾವ ದೇವರೈತಿ?"

"ದೇವರಿಲ್ರಿ ಅತ್ತಿ. ಅಡವಿ ಐತಿ."

"ದೇವರಿಲ್ಲದ ಕಡೆ ಸೊಸಿ ಹೋಗೂದ? ನಾಲ್ಕು ದಿನ ಹೋಗಿ ಕೈ ಮುಗಿಲಾರದ ಬರೂದ? ನಮ್ಮನ್ಯಾಗ ನಡಿಯೂದಿಲ್ಲ."

ನಾನೂ ಸುಮ್ಮನಿರಲಿಲ್ಲ. ಅತ್ತಿ ಸೊಸಿ ಜಗಳ ಕೇಳಿ ಬಾಜೂ ಮನಿಯವ್ರು ರೇಡಿಯೋ ಸಣ್ಣ ಮಾಡಿದ್ರು. ಕಡೀಕ ಅತ್ತಿನ ಒಂದು ದಾರಿ ಹೇಳಿದ್ರು: "ಹನುಮಪ್ಪನ್ನ ಕೇಳು. ಅಂವ ಹೋಗು ಅಂದ್ರ ಹೋಗು."

ನಮ್ಮ ಓಣ್ಯಾಗ ಸಣ್ಣದೊಂದು ಹನುಮಪ್ಪನ ಗುಡಿ ಐತಿ. ಮದುವಿ ಇರ್ಲಿ, ಮನಿ ಕಟ್ಟೂದಿರ್ಲಿ, ಬೋರ್ ಹಾಕ್ಸೂದಿರ್ಲಿ, ಹನುಮಪ್ಪಗ ಹಸಿ ಹೂವು ಅಂಟಿಸಿ ಕೇಳೂ ಪದ್ಧತಿ. ಬಲಕ್ಕ ಬಿದ್ರ ಹೂಂ. ಎಡಕ್ಕ ಬಿದ್ರ ಊಂಹೂಂ. ನಾಲ್ಕೂ ಮಂದಿ ಹೋದ್ವಿ, ಬೆನ್ನಿಗೆ ನಮ್ಮತ್ತಿನೂ ಬಂದ್ರು. ಆಪಾ ಬೇವಿನ ಗಿಡದ ಕೆಳಗ ಚಪ್ಪಲಿ ಕಾಯ್ಕೋತ ಕುಂತು, "ಒಂದೊಂದ ಜಾಗಾ ಕೇಳ್ರಿ, ಎಲ್ಲಾ ಕೂಡಿ ಒದರಬ್ಯಾಡ್ರಿ" ಅಂತ ಹೇಳಿ ಕಳಿಸಿದ್ಲು.

ಪೂಜಾರಪ್ಪ ದಿನಾ ಮದುವಿ ಪ್ರಶ್ನೆ ಕೇಳಿ ಕೇಳಿ ರೂಢಿ ಆದಾವ. ಡ್ರಿಲ್ ಅಕ್ಕೋರನ್ನ ನೋಡಿ, "ವರನ ಹೆಸರು?" ಅಂದ.

"ಕುಮಾರ ಪರ್ವತ ರೀ," ಅಂದ್ಲು ಆಕಿ.

"ಛಲೋ ಹೆಸರು. ನೌಕರಿ ಎಲ್ಲೈತಿ?"

ಗುಡ್ಡ ಅಂತ ತಿಳಿಸಿ ಹೇಳೂದ್ರೊಳಗ ಅರ್ಧಾ ತಾಸು ಹೋತು. ಪೂಜಾರಪ್ಪ ಹೂವು ಅಂಟಿಸಿ ಕಣ್ಣು ಮುಚ್ಚಿದ. ನಾವೂ ಕೈ ಮುಗದು ನಿಂತ್ವಿ. ನನಗ ಇಂಥಾದ್ರಾಗ ಅಷ್ಟು ನಂಬಿಕಿ ಇಲ್ಲ, ಆದ್ರೂ ಉಸುರು ಬಿಗಿ ಹಿಡಿದಿದ್ದೆ. ಹೂವು ಸರೀತು, ಬಲಕ್ಕೂ ಅಲ್ಲ, ಎಡಕ್ಕೂ ಅಲ್ಲ, ಸೀದಾ ನಡುವ ಪಾದದ ಮ್ಯಾಲೆ ಬಿತ್ತು. ಎರಡನೇ ಜಾಗಾ ಕೇಳಿದ್ವಿ. ಅದೂ ನಡುವ. ಮೂರನೇದೂ ನಡುವ. ನಮ್ಮತ್ತಿ ಮೈಮ್ಯಾಲೆ ಮುಳ್ಳು ಎದ್ದು ಅಡ್ಡ ಬಿದ್ರು.

ಪೂಜಾರಪ್ಪ ಬಿದ್ದ ಹೂವು ಆರಿಸಿ ತಾಟಿಗೆ ಹಾಕಿ ನಮ್ಮ ಕಡೆ ತಿರುಗಿದ. "ಅಕ್ಕೋರ, ತಪ್ಪು ತಿಳ್ಕೋಬ್ಯಾಡ್ರಿ. ಇಂವ ಹಾರಿ ಹೋಗಾವ. ನಡದು ಹೋಗೂ ದಾರಿ ಇಂವಗ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನ್ಯಾಗ ಕೇಳ್ರಿ."

ಬ್ಯಾಡಗಿಯ ತಕ್ಕಡಿ

ಡ್ರಿಲ್ ಅಕ್ಕೋರು ಹನುಮಪ್ಪನ ಮೌನಾನ ಒಪ್ಪಿಗಿ ಅಂತ ತಗೊಂಡು ಗುಡ್ಡಾನ ಗಟ್ಟಿ ಮಾಡಿದ್ಲು. ಮೊದಲ ತಾಲೀಮು ಆಗಬೇಕು ಅಂದ್ಲು. ಬ್ಯಾಡಗಿಯಿಂದ ಕದರಮಂಡಲಗಿಗೆ ನಡದು ಹೋಗಿ ನಡದ ಬರೂದು, ಬೆನ್ನ ಮ್ಯಾಲೆ ಭಾರ ಹೊತ್ತು.

ಚೀಲದ ವ್ಯವಸ್ಥಾ ಆಪಾನ ಯಜಮಾನ್ರದು. ಅವರು ಮೆಣಸಿನಕಾಯಿ ಪ್ಯಾಟ್ಯಾಗ ತೂಕ ಮಾಡಾವ್ರು. ಖಾಲಿ ಮೆಣಸಿನಕಾಯಿ ಚೀಲಕ್ಕ ಪಟ್ಟಿ ಹೊಲಿಸಿ ನಾಲ್ಕು ಬೆನ್ನಚೀಲ ತಯಾರ ಮಾಡಿಸಿದ್ರು. ನೋಡಾಕ ಭರ್ತಿ ಗಟ್ಟಿ. ಬೆನ್ನಿಗೇರಿಸಿದ ಕೂಡ್ಲೆ ಒಂದೊಂದು ಹೆಜ್ಜಿಗೆ ಒಂದೊಂದು ಸೀನು. ಪ್ಯಾಟ್ಯಾಗಿನ ತಕ್ಕಡಿಗೆ ಹಚ್ಚಿ ತೂಕ ಮಾಡಿದ್ರು, ಒಬ್ಬಬ್ಬರದು ಬರೋಬ್ಬರಿ ಎಂಟು ಕೆಜಿ.

ಊರು ದಾಟಿ ಒಂದು ಹೊಲ ಹೋಗಿಲ್ಲ, ಸೈಕಲ್ಲಿನಿಂದ ಒಬ್ರು ಇಳದು ಕೈ ಮುಗಿದ್ರು. "ಯಾವ ಗುಡಿಗ್ರಿ ಪಾದಯಾತ್ರಿ?" ಗುಡಿ ಅಲ್ರಿ, ಸುಮ್ಮನ ನಡಿಯಾಕತ್ತೀವಿ ಅಂದ್ರ ನಂಬಲಿಲ್ಲ. ನಮ್ಮ ಕಡೆ ಹೆಣ್ಮಕ್ಕಳು ಬೆನ್ನಿಗೆ ಗಂಟು ಕಟಗೊಂಡು ಡಾಂಬರ ರಸ್ತಾದಾಗ ನಡದ್ರ ಅದು ದೇವರ ಕೆಲಸ, ಬ್ಯಾರೆ ಇರಾಕ ಸಾಧ್ಯನ ಇಲ್ಲ. ಮುಂದ ಒಂದು ತ್ವಾಟದ ಮನಿ ಹತ್ರ ಮುದುಕಿ ಒಬ್ಬಾಕಿ ತಂಬಿಗಿ ಹಿಡಕೊಂಡು ರಸ್ತಾಕ್ಕ ಬಂದು ನಿಂತ್ಲು. ನಮ್ಮ ಕಾಲಿಗೆ ನೀರು ಹಾಕಾಕ ಬಗ್ಗಿದ್ಲು.

ಆಪಾ ಹಿಂದ ಸರದ್ಲು. "ಅವ್ವಾ, ನಾ ಮುಸಲ್ಮಾನರಾಕಿ."

"ಅದಕ್ಕೇನಾತವ್ವ? ನಡಕೋತ ಬಂದೀ ಇಲ್ಲ? ಬಿಸಲಾಗ ಕಾಲು ಸುಡೂದು ಎಲ್ಲಾರ್ದೂ ಒಂದ," ಅಂತ ಮುದುಕಿ ಮೊದಲು ಆಪಾನ ಕಾಲಿಗೇ ನೀರು ಹಾಕಿದ್ಲು. ಆಪಾನ ಕಣ್ಣಾಗ ನೀರು ಬಂತು. ಅಡವಿ ನೋಡಾಕ ಹೊಂಟಾಕಿ ನಾ, ಎಷ್ಟೋ ಹೊತ್ತು ಆ ಮುದುಕಿ ಮಾರಿನ ನೋಡಕೋತ ನಿಂತೆ.

ಹೋಗೂಮುಂದ ಬರೂಮುಂದ ಹಾದ್ಯಾಗಿನ ಮಂದಿ ಯಾರೂ ನಮ್ಮನ್ನ ಖಾಲಿ ಕೈಲೆ ಬಿಡಲಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಸೌತಿಕಾಯಿ, ತೆಂಗಿನಕಾಯಿ, ಒಬ್ಬಾಕಿ ಒಂದು ಕುಂಬಳಕಾಯಿನೂ ಹೊರಿಸಿದ್ಲು. ಬ್ಯಾಡಗಿಗೆ ವಾಪಸ್ ಬಂದಾಗ ಆಪಾನ ಯಜಮಾನ್ರು ಚೀಲಗೋಳ್ನ ಮತ್ತ ತಕ್ಕಡಿಗೆ ಹಚ್ಚಿದ್ರು. ಹನ್ನೆರಡು, ಹನ್ನೆರಡು, ಹದಿಮೂರು, ಕುಂಬಳಕಾಯಿದು ಹದಿನೈದು.

"ನಡದ್ರ ತೂಕ ಇಳೀತೈತಿ ಅಂತ ಕೇಳಿದ್ದೆ," ಅಂದ್ರು ಅವರು. "ಹಿಂಗ ನಾಲ್ಕು ದಿನ ನಡದ್ರ ನಿಮ್ಮ ಹಿಂದ ಒಂದು ಲಾರಿ ಬೇಕಾಗ್ತೈತಿ."

ಬಸ್ಸು ಹೋಗದ ಊರು

ನಕ್ಕಿದ್ದು ಅವತ್ತಿಗೆ ಮುಗೀತು. ಮರುದಿನ ದೊಡ್ಡಕ್ಕೋರ ಮಳಕಾಲು ಕುಂಬಳಕಾಯಿ ಆಗಿತ್ತು. ಡಾಕ್ಟರು ನೋಡಿ, ಸಪಾಟ ನೆಲದಾಗ ಎಷ್ಟರ ನಡೀರಿ, ಗುಡ್ಡ ಹತ್ತಿದ್ರ ನಾ ಜವಾಬ್ದಾರ ಅಲ್ಲ ಅಂದ್ರಂತ.

ಗಾಡ್ಯಾಗ ದೊಡ್ಡಕ್ಕೋರು ದೊಡ್ಡ ಮನಸು ಮಾಡಿ ಹೇಳಿದ್ರು: "ನೀವು ಮೂರೂ ಮಂದಿ ಹೋಗಿ ಬರ್ರಿ. ಕಂಡಿದ್ದೆಲ್ಲಾ ನನಗ ಹೇಳ್ರಿ. ನಾನ ನೋಡಿದಂಗ ಆತು."

ನನ್ನ ಸಿಟ್ಟು ನೆತ್ತಿಗೇರಿತು. "ನಾವು ನೋಡಿದ್ದನ್ನ ನೀವು ನೋಡೇನಿ ಅಂದ್ರ ಅದು ಎರಡನೇ ಸುಳ್ಳು ಆಗ್ತೈತ್ರಿ! ಒಂದಕ್ಕ ಇಷ್ಟು ಅತ್ತೀರಿ, ಎರಡು ಹೊತಗೊಂಡು ಹೆಂಗ ರಿಟೈರ್ ಆಗ್ತೀರಿ?"

ಇಡೀ ಡಬ್ಬಿ ನಮ್ಮ ಕಡೆ ನೋಡಿತು. ದೊಡ್ಡಕ್ಕೋರು ಮಾರಿ ಮ್ಯಾಲೆ ಸೆರಗು ಹಾಕ್ಕೊಂಡ್ರು. ಸುಟ್ಟ ನಾಲಿಗಿ ನಂದು, ಹಿಂಗ್ಯಾಕ ಅಂದೆನೋ! ಹಾವೇರಿಯೊಳಗ ಇಳದಾವ್ರು ಮನಿಗೆ ಹೋಗಲಿಲ್ಲ. ದೊಡ್ಡಕ್ಕೋರ ಕೈ ಹಿಡದು, ಆಟೋದಾಗ ಕುಂದ್ರಿಸಿ, ಪೂಜಾರಪ್ಪ ಹೇಳಿದಂಗ ಸೀದಾ ಬಸ್ ಸ್ಟ್ಯಾಂಡಿಗೆ ಒಯ್ದೆ. ಡ್ರಿಲ್ ಅಕ್ಕೋರೂ ಹಿಂದ ಬಂದ್ಲು.

ಬಸ್ಸಿನ ವ್ಯಾಳ್ಯಾ ಹೇಳೋ ಕಂಟ್ರೋಲರು ಕಿವಿಗೆ ಪೆನ್ಸಿಲ್ ಸಿಗಿಸಿಕೊಂಡು ಕುಂತಿದ್ರು. ನಾ ಸುರು ಮಾಡಿದೆ: "ಅಡವಿ ಇರಬೇಕ್ರಿ, ಗುಡ್ಡ ಇರಬಾರದು. ನಾಲ್ಕು ದಿನ ನಡಿಯೂವಷ್ಟು ದೊಡ್ಡದಿರಬೇಕು. ಮಂದಿ ಇರಬಾರದು, ಮನಿ ಇರಬಾರದು, ಊಟಕ್ಕ ಕರಿಯಾವ್ರು ಇರಬಾರದು. ನಮ್ಮತ್ತಿ ಸಲುವಾಗಿ ಒಂದು ಕಲ್ಲಿನ ದೇವರಿದ್ರ ಛಲೋ."

ಅವರು ಪೆನ್ಸಿಲ್ ತಗದು ಕೆಳಗಿಟ್ರು. "ಅಕ್ಕೋರ, ನನ್ನ ಇಡೀ ಸರ್ವಿಸಿನ್ಯಾಗ ಎಲ್ಲಾರೂ ಬಸ್ಸು ಎಲ್ಲಿಗೆ ಹೋಗ್ತೈತಿ ಅಂತ ಕೇಳ್ಯಾರ. ಎಲ್ಲಿಗೆ ಹೋಗೂದಿಲ್ಲ ಅಂತ ಕೇಳಿದಾವ್ರು ನೀವ ಮೊದಲು."

ಆದ್ರ ಮನಷ್ಯಾ ಶಾಣ್ಯಾ. ಬಸ್ಸು ಮುಟ್ಟಿದ ಜಾಗಾ ಅಡವಿ ಆಗಿ ಉಳಿಯೂದಿಲ್ಲ, ವಸ್ತಿ ಬಸ್ಸು ಹಿಡೀರಿ ಅಂದ್ರು. ವಸ್ತಿ ಬಸ್ಸಂದ್ರ ಸಂಜಿ ಹೋಗಿ ಕಡೀ ಊರಾಗ ನಿಂತು, ಮುಂಜಾನೆ ತಿರುಗಿ ಬರೂ ಬಸ್ಸು. ಅದು ನಿಂತ ಜಾಗಾದಿಂದ ಆಚೆ ರಸ್ತಾನ ಇಲ್ಲ. ಹಾನಗಲ್ ದಾಟಿ ಘಟ್ಟದ ಅಂಚಿಗೆ ಹೋಗಾವು ಅಂಥಾ ಮೂರು ಬಸ್ಸು ಅದಾವು, ಮೂರೂ ಕಡೆ ಹಿಂದ ನಾಟಾ ಕಟಗಿ ಸಾಗಸ್ತಿದ್ದ ಹಳೇ ಬಂಡಿ ದಾರಿ ಅದಾವು, ನೆಲ ಸಪಾಟ ಅಂದ್ರು.

ನಾನು ಡ್ರಿಲ್ ಅಕ್ಕೋರು ಇಬ್ರೂ ಒಮ್ಮೆಲೆ ಬಾಯಿ ತಗದ್ವಿ. ಅವರು ಕೈ ಎತ್ತಿ ತಡದ್ರು. "ಹಿರೀ ಅಕ್ಕೋರು ಹೇಳ್ಲಿ. ನೀವು ಎಲ್ಲಿಗೆ ಹೋಗ್ತೀರವ್ವ?"

ದೊಡ್ಡಕ್ಕೋರು ಆ ಕಡೆ ಈ ಕಡೆ ನೋಡಿದ್ರು, ತಮಗಲ್ಲ ಬ್ಯಾರೆ ಯಾರಿಗೋ ಕೇಳ್ಯಾರ ಅನ್ನೋಹಂಗ. ಆಮ್ಯಾಲೆ ಮೂರೂ ಬಸ್ಸಿನ ಮುಂದ ಹೋಗಿ ನಿಂತ್ರು. ಬೋರ್ಡು ಓದಿದ್ರು. ಮತ್ತೊಮ್ಮೆ ಓದಿದ್ರು. ಗಂಡಸ್ರು, ಹೆಂಗಸ್ರು ಹತ್ತಾಕತ್ತಾರ, ಇಳಿಯಾಕತ್ತಾರ, ಇವರು ನಡುವ ಅಲುಗಾಡದ ನಿಂತಾರ. ತಮ್ಮ ಜೀವದಾಗ ಮೊದಲನೇ ಸಲ ಒಂದು ಊರು ಆರಸಾಕತ್ತಿದ್ರು. ಕಡೀಕ ನಡುವಿನ ಬಸ್ಸಿನ ಮ್ಯಾಲೆ ಕೈ ಇಟ್ಟು, "ಇದು" ಅಂದ್ರು.

ಏನು ಕಂಡ್ರೋ, ಏನು ಹೊಳೀತೋ ಅಂತ ನಾ ಮೆಲ್ಲಕ ಕೇಳಿದೆ. "ಇದನ್ನ ಯಾಕ ಆರಿಸಿದ್ರಿ?"

"ಉಳಿದ ಎರಡೂ ಊರಾಗ ನಮ್ಮ ಬೀಗರು ಅದಾರವ್ವ."

ಕರಿಯೂದಿಲ್ಲ, ಬರೂದಿಲ್ಲ

ಬಸ್ ಸ್ಟ್ಯಾಂಡಿನ ಮಾತು ಹನುಮಪ್ಪನ ಗುಡಿಯಾಗಿಂದನ ಬಂದದ್ದಂತ ನಮ್ಮತ್ತಿನೂ ಒಪ್ಪಿದ್ರು. ಅರಣ್ಯ ಇಲಾಖೆಯ ಚೀಟಿ ಸಿಕ್ಕಿತು. ಜೋಡಿ ಅವರದ ಒಬ್ಬ ವಾಚರ್ ಬಂದ, ನಡು ವಯಸ್ಸಿನಾವ, ಮಾತು ಕಡಿಮಿ. ಏಪ್ರಿಲ್ ಕಡೀ ವಾರ. ಹಾವೇರಿಯೊಳಗ ಹೆಂಚಿನ ಮ್ಯಾಲಿನ ರೊಟ್ಟಿ ಹಂಗ ಬೇಯತಿದ್ವಿ. ಕಡೀ ಊರಿನ ಗದ್ದಿ ದಾಟಿ ಬಂಡಿ ದಾರಿಗೆ ಕಾಲಿಟ್ವಿ ನೋಡ್ರಿ, ಯಾರೋ ನೆತ್ತಿ ಮ್ಯಾಲೆ ತಣ್ಣನ ಕೈ ಇಟ್ಟಂಗಾತು.

ನಾ ಹೆಂಗ ಹೇಳಲಿ ಅದನ್ನ? ಗಣಿತದಾಕಿ ನಾನು, ಎಣಸಾಕ ಹೋದೆ. ಒಂದು ಗಿಡದ ಬುಡಕ್ಕ ನಾವು ನಾಲ್ವರೂ ಕೈ ಕೈ ಹಿಡದು ನಿಂತ್ವಿ, ಸುತ್ತ ಮುಟ್ಟಲಿಲ್ಲ. ವಾಚರನ್ನೂ ಕರದ್ವಿ, ಆದ್ರೂ ಮುಟ್ಟಲಿಲ್ಲ. ಮ್ಯಾಲೆ ನೋಡಿದೆ, ನೋಡಕೋತ ನೋಡಕೋತ ತಲಿ ಹಿಂದ ಹೋಗಿ ಚೀಲಕ್ಕ ತಾಗಿತು, ತುದಿ ಕಾಣಲಿಲ್ಲ. ಅಂಥಾವು ಒಂದಲ್ಲ ಎರಡಲ್ಲ. ಎಣಿಕಿ ಬಿಟ್ಟೆ. ಒಮ್ಮೆ ತಲಿ ಮ್ಯಾಲೆ ಭುಸ್ ಭುಸ್ ಅಂತ ಸಪ್ಪಳ ಬಂತು. ಬಸ್ಸು ಬಂತು ಸರೀರಿ ಅಂತ ಒದರಿದೆ. ವಾಚರ್ ಮ್ಯಾಲೆ ತೋರಿಸಿದ. ಹಕ್ಕಿ! ಮಂಗಟ್ಟೆ ಹಕ್ಕಿ, ಕೊಕ್ಕಿನ ಮ್ಯಾಲೆ ಇನ್ನೊಂದು ಕೊಕ್ಕು ಇಟಗೊಂಡಂಥಾದ್ದು. ಅದರ ರೆಕ್ಕಿ ಗಾಳಿ ಸೀಳೋ ಸಪ್ಪಳ ಅದು. ಡ್ರಿಲ್ ಅಕ್ಕೋರು ಊದಾಕ ಅಂತ ಸೀಟಿ ಬಾಯಿಗೆ ಒಯ್ದಾಕಿ, ಹಂಗ ಕೈ ಇಳಿಸಿದ್ಲು. ಮುಂದ ನಾಲ್ಕು ದಿನ ಆಕಿ ಸೀಟಿ ಮುಟ್ಟಲಿಲ್ಲ.

ದೊಡ್ಡಕ್ಕೋರು ಮೊದಲನೇ ದಿನ ಪೂರಾ ಮ್ಯಾಲೆ ನೋಡಕೋತನ ನಡದ್ರು. ಒಂದು ಕಡೆ ಎಲಿ ನಡುವಿಂದ ಬಿಸಲು ಕೋಲು ಕೋಲಾಗಿ ಇಳದಿತ್ತು. ಅಲ್ಲಿ ನಿಂತಾವ್ರು ನೆಲಕ್ಕ ಕುಂತ ಬಿಟ್ರು. ಮಳಕಾಲು ನೋವಾತೇನೋ ಅಂತ ನಾ ಓಡಿ ಹೋದೆ. ಕಣ್ಣಾಗ ನೀರು ಸುರೀತಿತ್ತು. "ಹಸರು ಅಂತ ಒಂದ ಬಣ್ಣ ಹಚ್ಚಸ್ತಿದ್ದೆನಲ್ಲವ್ವ," ಅಂದ್ರು. "ಇಲ್ಲಿ ನೋಡು. ಎಷ್ಟು ಹಸರು ಅದಾವು."

ಅವರ ಬಾಜೂಕ ಕುಂತು ನಾನೂ ನೋಡಿದೆ.

ಎರಡನೇ ದಿನ ಅವರೊಳಗಿನ ಅಕ್ಕೋರು ಎಚ್ಚರಾದ್ರು. ನೋಟಬುಕ್ ತಗದು, ಕಂಡ ಕಂಡ ಗಿಡದ ಮುಂದ ನಿಂತು, "ಇದರ ಹೆಸರೇನಪಾ?" ಅಂತ ಸುರು ಮಾಡಿದ್ರು. ವಾಚರ್ ಪಾಪ ಹೇಳಿದ: ಮತ್ತಿ, ಹೊನ್ನಿ, ನಂದಿ, ಬೀಟಿ. ಮಧ್ಯಾಹ್ನಕ್ಕ ಅವನ ಹೆಸರು ಖಾಲಿ ಆಗಾಕತ್ತಿದ್ವು. ಮೂರನೇ ದಿನ ಅಂವ ನಮಗಿಂತ ಒಂದು ಕೂಗಳತಿ ಮುಂದ ನಡಿಯಾಕತ್ತಿದ. ದೊಡ್ಡಕ್ಕೋರು ಬಿಡ್ತಾರೇನು? ಮಳಕಾಲು ಎಳಕೋತ ಬೆನ್ನು ಹತ್ತಿ ಹಿಡದ್ರು. ಒಂದು ಸೊಟ್ಟ ಗಿಡ ತೋರಿಸಿ, "ಇದು?" ಅಂದ್ರು.

ಅಂವ ಗಿಡ ನೋಡಿದ, ಅಕ್ಕೋರನ್ನ ನೋಡಿದ, ಕೈ ಮುಗದ. "ಅಕ್ಕೋರ, ಇದಕ್ಕ ಹೆಸರಿಲ್ರಿ. ನಾವು ಕರಿಯೂದಿಲ್ಲ, ಅದೂ ಬರೂದಿಲ್ಲ."

ಕುಪ್ಪೇಲೂರಿನ ಕಟ್ಟಿ

ನಾಲ್ಕನೇ ದಿನ ಒಂದು ಹಳ್ಳದಾಗ ಕಾಲು ಇಳಿಬಿಟ್ಟು ಕುಂತಿದ್ವಿ. ದೊಡ್ಡಕ್ಕೋರ ಮಾರಿ ನೋಡಿದ್ರ ಹತ್ತು ವರ್ಷ ಕಡಿಮಿ ಆದಂಗ ಕಾಣತಿತ್ತು. "ಇನ್ನ ಜೂನ್ ಒಂದಕ್ಕ ಕ್ಲಾಸಿಗೆ ಹೋದ ಕೂಡ್ಲೆ ಆ ಹುಡುಗಿನ ಎಬ್ಬಿಸಿ ನಿಂದ್ರಿಸಿ, ಎಲ್ಲಾ..." ಅಂದಾವ್ರು ಮಾತು ಅಲ್ಲೇ ನಿಲ್ಲಿಸಿದ್ರು.

ನಮಗೂ ಆವಾಗ ತಲಿಗೆ ಹೋತು. ಮೇ ಕಡೀ ದಿನ ರಿಟೈರ್. ಸಾಲಿ ತಗಿಯೂದು ಜೂನ್ ಒಂದಕ್ಕ. ಸೂಟ್ಯಾಗ ಮಕ್ಕಳಿಲ್ಲ, ಸಾಲಿ ತಗದಾಗ ದೊಡ್ಡಕ್ಕೋರಿಲ್ಲ. ಹೋಗೂ ದಿನ, ಬರೂ ದಿನ, ರೊಟ್ಟಿ ಲೆಕ್ಕ, ಕಾಲುಚೀಲದ ಲೆಕ್ಕ, ಎಲ್ಲಾ ಬರದಿದ್ವಿ. ಟೈಮ್ ಟೇಬಲ್ ಹಾಕೂದ್ರಾಗ ಒಬ್ಬರಿಗಿಂತ ಒಬ್ರು ಜಬರದಸ್ತ್ ನಾಲ್ಕು ಮಂದಿ ಅಕ್ಕೋರು, ಇದೊಂದ ನೋಡಿರಲಿಲ್ಲ.

ದೊಡ್ಡಕ್ಕೋರು ಮಾರಿ ತಿರುವಿದ್ರು. ನಾನು ನೀರಿನ್ಯಾಗಿಂದ ಕಾಲು ತಗದು ಎದ್ದು ನಿಂತೆ. "ಕ್ಲಾಸು ಇಲ್ಲಂದ್ರ ಏನಾತ್ರಿ? ಆ ಹುಡುಗಿಗೆ ಮನಿ ಇಲ್ಲೇನು?"

ಹುಡುಗಿ ಸಾಲಿ ಇದ್ದಾಗ ರಾಣೆಬೆನ್ನೂರಿನ್ಯಾಗ ಅತ್ತಿ ಮನ್ಯಾಗ ಇರತಿದ್ಲು, ಸೂಟಿಗೆ ಕುಪ್ಪೇಲೂರಿಗೆ ಅವ್ವ ಅಪ್ಪನ ಹತ್ರ ಹೋಗಿದ್ಲು. ಊರು ಸೇರಿದ ಮೂರನೇ ದಿನಕ್ಕ ನಾಲ್ಕೂ ಮಂದಿ ಕುಪ್ಪೇಲೂರು ಬಸ್ಸು ಹತ್ತಿದ್ವಿ. ಕಟ್ಟಿ ಮ್ಯಾಲೆ ಹುಡುಗಿ ಹುಣಸಿಹಣ್ಣಿನ ಬೀಜ ತಗಿಯಾಕತ್ತಿದ್ಲು. ನಮ್ಮನ್ನ ನೋಡಿ ಧಡಕ್ಕನ ಎದ್ದು, ಅಂಟು ಕೈಲೆ ನಮಸ್ಕಾರ ಮಾಡಿದ್ಲು. ಅವರವ್ವ ಗಾಬರಿ ಆಗಿ, "ಏನ ಮಾಡ್ಯಾಳ್ರಿ ಅಕ್ಕೋರ? ಫೇಲ್ ಆಗ್ಯಾಳೇನ್ರಿ?" ಅಂದ್ಲು.

"ಆಕಿ ಏನೂ ಮಾಡಿಲ್ಲವ್ವ. ನಾ ಮಾಡೇನಿ," ಅಂತ ದೊಡ್ಡಕ್ಕೋರು ಕಟ್ಟಿ ಮ್ಯಾಲೆ ಹುಡುಗಿ ಬಾಜೂಕ ಕುಂತ್ರು. "ಅಡವಿ ನೋಡೀರೇನ್ರಿ ಅಂತ ಕೇಳಿದ್ಯಲ್ಲವ್ವ ನೀನು, ನಾ ಹೂಂ ಅಂದೆ. ಅದು ಸುಳ್ಳು. ನಾ ಆವಾಗ ನೋಡಿರಲಿಲ್ಲ. ಈಗ ಹೋಗಿ ನೋಡಿ ಬಂದೇನಿ. ಖರೇನ ಹೆಂಗೈತಿ ಅಂತ ಹೇಳಾಕ ಬಂದೇನಿ."

ಹುಡುಗಿ ತಲಿ ಕೆಳಗ ಹಾಕಿದ್ಲು. ದೊಡ್ಡಕ್ಕೋರು ಸುರು ಮಾಡಿದ್ರು. ನಾ ಅವರ ಪಾಠ ಎಷ್ಟೋ ಸಲ ಬಾಗಲ ಹೊರಗಿಂದ ಕೇಳೇನಿ, ಅಂಥಾ ಪಾಠ ಕೇಳಿಲ್ಲ. ಬಡಗಿ ಇಲ್ಲ, ನಕಾಶೆ ಇಲ್ಲ. ಆನಿ ಕಾಣಲಿಲ್ಲವ್ವ ಅಂದ್ರು. ಜಲಪಾತ ಬ್ಯಾಸಗ್ಯಾಗ ಒಣಗಿತ್ತು, ಒಂದು ಸಣ್ಣ ಹಳ್ಳ ಇತ್ತು, ನೀರು ಹಲ್ಲು ಜುಮ್ಮೆನ್ನೂವಷ್ಟು ತಣ್ಣಗಿತ್ತು ಅಂದ್ರು. ನವಿಲಿನ ಕೂಗು ಕೇಳಿಸಿತು, ಹತ್ರ ಬರಲಿಲ್ಲ. ಗಿಡ ಇದ್ವು. ಬರೇ ಗಿಡ. ಐದು ಮಂದಿ ಕೈ ಹಿಡದು ನಿಂತ್ರೂ ಅಪ್ಪಾಕ ಆಗಲಿಲ್ಲ. ನಾವು ನಿಂತಿದ್ದು, ಅತ್ತಿದ್ದು, ಬಂದಿದ್ದು, ಹೋಗಿದ್ದು ಅವಕ್ಕ ಗೊತ್ತೂ ಇಲ್ಲ. ಅಲ್ಲಿ ನಾ ಹೆಡ್ಡೂ ಅಲ್ಲ, ಅಕ್ಕೋರೂ ಅಲ್ಲ, ಒಂದು ಇರುವಿ ಇದ್ದಂಗ ಇದ್ದೆ, ಆದ್ರ ಅಷ್ಟು ಖುಷಿ ನನಗ ಎಂದೂ ಆಗಿರಲಿಲ್ಲ ಅಂದ್ರು. ಆಪಾ ಸೆರಗಿಲೆ ಕಣ್ಣು ವರಸ್ಕೊಂಡ್ಲು. ಹುಡುಗಿ ಅವ್ವ ಒಲಿ ಮ್ಯಾಲಿನ ಚಾ ಮರತು ಬಾಗಲದಾಗ ನಿಂತಿದ್ಲು.

ದೊಡ್ಡಕ್ಕೋರು ಮುಗಿಸಿ, ಹುಡುಗಿ ಗದ್ದ ಹಿಡದು ಎತ್ತಿದ್ರು. "ಇದು ಖರೇ ಅಡವಿ. ತಿಳೀತೇನವ್ವ?"

ಹುಡುಗಿ ಅವರ ಮಾರಿ ನೋಡಿದ್ಲು, ನಮ್ಮನ್ನೆಲ್ಲಾ ನೋಡಿದ್ಲು, ಒಂದು ಹುಣಸಿಬೀಜ ಬೆರಳಾಗ ತಿರುವ್ಯಾಡಿಸಿದ್ಲು.

"ತಿಳೀತ್ರಿ. ಸಿಟ್ಟಾಗಬ್ಯಾಡ್ರಿ ಅಕ್ಕೋರ," ಅಂದ್ಲು. "ಆದ್ರ ಹೋಗೂಕ್ಕಿಂತ ಮೊದಲ ನೀವು ನೋಡಿದ್ದ ಅಡವಿನ ಛಲೋ ಇತ್ರಿ."